‘ಎಕ್ಸ್’ ಪಟ್ಟಿಯ ಚಿತ್ರಗಳು: ಫ್ರಾನ್ಸಿನ ವಯಸ್ಕರ ಸಿನಿಮಾ ನಡೆದು ಬಂದ ಹಣದ ದಾರಿ

1975ರ ಡಿಸೆಂಬರ್ 30ರ ಫ್ರಾನ್ಸಿನ ಬಜೆಟ್ ಕಾಯ್ದೆ ಓದಲು ಬಲು ನೀರಸ. ತೆರಿಗೆ ದರ, ವಿನಾಯಿತಿ, ಲೆಕ್ಕದ ಶೀರ್ಷಿಕೆಗಳ ನಡುವೆ 11 ಮತ್ತು 12ನೇ ವಿಧಿಗಳು ಸಿನಿಮಾದ ವಿಷಯಕ್ಕೆ ಬರುತ್ತವೆ. ಅಶ್ಲೀಲ ಚಿತ್ರಗಳನ್ನೂ ಹಿಂಸೆಗೆ ಪ್ರಚೋದಿಸುವ ಚಿತ್ರಗಳನ್ನೂ ‘ಎಕ್ಸ್’ ಎಂಬ ಪ್ರತ್ಯೇಕ ಪಟ್ಟಿಗೆ ಸೇರಿಸಬೇಕು, ಅವುಗಳಿಂದ ಹೆಚ್ಚಿನ ತೆರಿಗೆ ವಸೂಲು ಮಾಡಬೇಕು ಎನ್ನುವುದು ಅವುಗಳ ಸಾರ. ದೃಶ್ಯ ಕತ್ತರಿಸಿ ಎಂದು ಎಲ್ಲೂ ಹೇಳಿಲ್ಲ, ಚಿತ್ರ ಮಾಡಬೇಡಿ ಎಂದೂ ಹೇಳಿಲ್ಲ. ಆದರೂ ಮುಂದಿನ ಹತ್ತಾರು ವರ್ಷ ಫ್ರಾನ್ಸಿನ ವಯಸ್ಕರ ಚಿತ್ರಗಳು ಎಲ್ಲಿ ತಯಾರಾದವು, ಎಷ್ಟು ದಿನದಲ್ಲಿ ಮುಗಿದವು, ಯಾರ ಹೆಸರಲ್ಲಿ ಬಿಡುಗಡೆಯಾದವು ಎಂಬುದನ್ನೆಲ್ಲ ಈ ಎರಡು ವಿಧಿಗಳು ಬಹುಮಟ್ಟಿಗೆ ನಿರ್ಧರಿಸಿದವು.

ಈ ಉದ್ಯಮದ ಚರಿತ್ರೆಯನ್ನು ನೀತಿ–ಅನೀತಿಯ ವಾದವಾಗಿ ಹೇಳುವವರೇ ಹೆಚ್ಚು. ಹಣ ಎಲ್ಲಿಂದ ಬಂತು ಎಂಬ ದಾರಿ ಹಿಡಿದು ಹೋದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಣ ಕೊಡುವವರು ಬದಲಾದಾಗಲೆಲ್ಲ ಪರದೆಯ ಮೇಲಿನ ಶೈಲಿ ಬದಲಾಯಿತು, ಕ್ಯಾಮೆರಾದ ಮುಂದೆ ನಿಂತವರ ಪಾಡೂ ಬದಲಾಯಿತು.

ಇದರ ಮೊದಲ ಪುಟ ಸಿನಿಮಾದಷ್ಟೇ ಹಳೆಯದು. ಲ್ಯುಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಕೊಟ್ಟದ್ದು 1895ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಛಾಯಾಗ್ರಾಹಕ ಯೂಜೆನ್ ಪಿರೂ ‘ಲ ಕುಶೆ ದ ಲಾ ಮಾರಿಯೆ’ ಎಂಬ ಕಿರುಚಿತ್ರವನ್ನು ನಿರ್ಮಿಸಿದ. ನಿರ್ದೇಶಕ ಆಲ್ಬೆರ್ ಕಿರ್ಶ್ನರ್, ನಟಿ ಲೂಯಿಸ್ ವಿಲ್ಲಿ. ರಂಗದ ಮೇಲೆ ಆಗಲೇ ಹೆಸರು ಮಾಡಿದ್ದ ಪ್ರಸಂಗವೊಂದನ್ನು ಅದೇ ನಟಿಯಿಂದ ಕ್ಯಾಮೆರಾದ ಮುಂದೆ ಆಡಿಸಿದ್ದು. ಮದುವೆಯ ರಾತ್ರಿ ವಧು ಒಂದೊಂದೇ ಉಡುಪು ಕಳಚುತ್ತಾಳೆ. ವರ ಮಡಿಸುವ ಪರದೆಯ ಆಚೆ ಪತ್ರಿಕೆ ಹಿಡಿದು ಕುಳಿತು ನಡುನಡುವೆ ಇಣುಕುತ್ತಾನೆ. ಏಳು ನಿಮಿಷದಷ್ಟಿದ್ದ ಈ ಚಿತ್ರದಲ್ಲಿ ಈಗ ಉಳಿದಿರುವುದು ಎರಡು ನಿಮಿಷದಷ್ಟು ಮಾತ್ರ. ಇಂದಿನ ಕಣ್ಣಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣುವುದಿಲ್ಲ. ಆದರೆ ಅಂಥ ದೃಶ್ಯಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಅಲ್ಲಿಂದ ಮುಂದೆ ಈ ಬಗೆಯ ಚಿತ್ರಗಳು ಕದ್ದುಮುಚ್ಚಿ ಬೆಳೆದವು. 20ನೇ ಶತಮಾನದ ಮೊದಲ ದಶಕಗಳಲ್ಲಿ ಫ್ರಾನ್ಸಿನಲ್ಲಿ ವೇಶ್ಯಾಗೃಹಗಳಿಗೆ ಸರ್ಕಾರದ ಪರವಾನಗಿ ಇತ್ತು. ಅಲ್ಲಿಗೆ ಬರುವ ಗಿರಾಕಿಗಳು ಕಾಯುವ ಹೊತ್ತಿನಲ್ಲಿ ನೋಡಲೆಂದು ಕೆಲವೇ ನಿಮಿಷಗಳ ಮೂಕಿ ಚಿತ್ರಗಳು ತಯಾರಾಗುತ್ತಿದ್ದವು. ನಿರ್ದೇಶಕರ ಹೆಸರಿಲ್ಲ, ನಟಿಯರ ಹೆಸರಿಲ್ಲ, ಎಷ್ಟೋ ಬಾರಿ ವರ್ಷವೂ ಗೊತ್ತಿಲ್ಲ. ಮಠ, ಶಾಲೆ, ಹೋಟೆಲು ಮುಂತಾದ ಅಂದಿನ ನಗೆನಾಟಕಗಳ ಸನ್ನಿವೇಶಗಳೇ ಇಲ್ಲೂ ಬಳಕೆಯಾದವು. ಅಳಿದುಳಿದ ಇಂಥ ಹನ್ನೆರಡು ರೀಲುಗಳನ್ನು ಒಟ್ಟುಗೂಡಿಸಿ ಮಿಶೆಲ್ ರೆಯಾಕ್ 2002ರಲ್ಲಿ ‘ಪೊಲಿಸೊಂ ಎ ಗಾಲಿಪೆತ್’ ಎಂಬ ಸಂಕಲನ ಚಿತ್ರ ತಂದರು. ಕಾನ್ ಚಿತ್ರೋತ್ಸವದ ಹೊತ್ತಿನಲ್ಲಿ ನಿರ್ದೇಶಕರ ಪಾಕ್ಷಿಕ ವಿಭಾಗದಲ್ಲಿ ಅದು ಪ್ರದರ್ಶನವಾಯಿತು. ನೂರು ವರ್ಷ ಹಿಂದಿನ ಆ ಹೆಂಗಸರ ಮುಖಗಳು ಅಲ್ಲಿ ಕಾಣುತ್ತವೆ. ಅವರು ಯಾರು, ಅವರಿಗೆ ಏನು ಸಿಕ್ಕಿತು ಎಂಬ ದಾಖಲೆ ಮಾತ್ರ ಇಲ್ಲ. 1946ರಲ್ಲಿ ವೇಶ್ಯಾಗೃಹಗಳನ್ನು ಮುಚ್ಚಿಸುವ ಕಾಯ್ದೆ ಬಂದು ಆ ಮಾರುಕಟ್ಟೆ ಕೊನೆಗೊಂಡಿತು.

ಇತ್ತ ಬಹಿರಂಗ ಸಿನಿಮಾದ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿಯೇ ಇತ್ತು. ಹೊರಗಿನಿಂದ ನೋಡುವವರು ಫ್ರಾನ್ಸ್ ಎಂದರೆ ಎಲ್ಲಕ್ಕೂ ಬಾಗಿಲು ತೆರೆದ ದೇಶ ಎಂದುಕೊಳ್ಳುತ್ತಾರೆ. 1966ರಲ್ಲಿ ಜಾಕ್ ರಿವೆತ್ ಅವರ ಚಿತ್ರಕ್ಕೆ ಆದದ್ದನ್ನು ನೆನೆದರೆ ಆ ಭ್ರಮೆ ಹರಿಯುತ್ತದೆ. ದಿದೆರೋ ಬರೆದ, ಇಷ್ಟವಿಲ್ಲದೆ ಕ್ರೈಸ್ತ ಸನ್ಯಾಸಿನಿಯಾಗಬೇಕಾಗಿ ಬಂದ ಹುಡುಗಿಯ ಕಾದಂಬರಿಯನ್ನು ಆಧರಿಸಿದ ಚಿತ್ರ ಅದು. ಪರಿಶೀಲನಾ ಸಮಿತಿ ಒಪ್ಪಿಗೆ ಕೊಟ್ಟಿದ್ದರೂ ಸರ್ಕಾರ ನಿಷೇಧ ಹೇರಿತು. ಚಿತ್ರನಿರ್ದೇಶಕ ಗೊದಾರ್ ಅವರು ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೊ ಅವರಿಗೆ ಸಿಟ್ಟಿನ ಬಹಿರಂಗ ಪತ್ರ ಬರೆದರು. ಚಿತ್ರ ತೆರೆ ಕಂಡದ್ದು 1967ರಲ್ಲಿ.

ಗಾಳಿ ದಿಕ್ಕು ಬದಲಿಸಿದ್ದು 1974ರ ಬೇಸಿಗೆಯಲ್ಲಿ. ಮೇ ತಿಂಗಳಲ್ಲಿ ಅಧ್ಯಕ್ಷರಾದ ವಲೇರಿ ಜಿಸ್ಕಾರ್ ದೆಸ್ತಾಂ ಸೆನ್ಸಾರ್ ಹಿಡಿತ ಸಡಿಲಿಸುವ ಮಾತು ಕೊಟ್ಟಿದ್ದರು. ಹಿಂದಿನ ಸರ್ಕಾರದ ಕಾಲದಲ್ಲಿ ಸಿಕ್ಕಿಹಾಕಿಕೊಂಡಿದ್ದ ‘ಎಮಾನ್ಯುಯೆಲ್’ ಜೂನ್ 26ರಂದು ಬಿಡುಗಡೆಯಾಯಿತು. ನಿರ್ದೇಶಕ ಜ್ಯುಸ್ತ್ ಜೇಕಿನ್ ಅವರದು ಫ್ಯಾಷನ್ ಛಾಯಾಗ್ರಹಣದ ಹಿನ್ನೆಲೆ, ಇದೇ ಮೊದಲ ಚಿತ್ರ. ನಾಯಕಿ ನೆದರ್ಲೆಂಡ್ಸ್‌ನ ಸಿಲ್ವಿಯಾ ಕ್ರಿಸ್ಟಲ್. ಚಿತ್ರೀಕರಣ ಥಾಯ್ಲೆಂಡ್‌ನಲ್ಲಿ. ಮಂಜು ಕವಿದಂಥ ಮೆತ್ತನೆ ಬೆಳಕು, ಪ್ರವಾಸಿ ಪತ್ರಿಕೆಯ ಪುಟದಂಥ ಚೌಕಟ್ಟು, ಪಿಯೆರ್ ಬಾಶ್ಲೆಯವರ ತೂಗುವ ಸಂಗೀತ, ನಾಯಕಿ ಕುಳಿತ ಎತ್ತರದ ಬೆನ್ನಿನ ಬೆತ್ತದ ಕುರ್ಚಿ: ಇವೆಲ್ಲ ಸೇರಿ ಇದು ಗುಟ್ಟಾಗಿ ನೋಡಬೇಕಾದ ಚಿತ್ರವಲ್ಲ, ಗಂಡ–ಹೆಂಡಿರು ಜೊತೆಯಾಗಿ ಹೋಗಬಹುದಾದ ಚಿತ್ರ ಎಂಬ ಭಾವ ಹುಟ್ಟಿಸಿದವು. ಫ್ರಾನ್ಸ್ ಒಂದರಲ್ಲೇ ಸುಮಾರು 89 ಲಕ್ಷ ಟಿಕೆಟ್ ಮಾರಾಟವಾದವು. ಪ್ಯಾರಿಸ್‌ನ ಷಾಂಜೆಲಿಜೆ ಬೀದಿಯ ಚಿತ್ರಮಂದಿರವೊಂದರಲ್ಲಿ ಅದು ಹತ್ತು ವರ್ಷಕ್ಕೂ ಮೀರಿ ಓಡಿತು. ಅಂದಿನ ಗಲ್ಲಾಪೆಟ್ಟಿಗೆಯ ಮಟ್ಟಿಗೆ ಇದೇನು ಸಣ್ಣ ಸಂಗತಿಯಲ್ಲ.

‘ಎಮಾನ್ಯುಯೆಲ್’ ಬರೀ ಶೃಂಗಾರದ ಚಿತ್ರ. ಅದರಲ್ಲಿ ನಟನೆಯ ಗಡಿ ದಾಟಿರಲಿಲ್ಲ. ಆ ಗಡಿ ದಾಟಿದ್ದು 1975ರಲ್ಲಿ. ಜಾಂ–ಫ್ರಾಂಸ್ವಾ ದಾವಿ ಅವರ ‘ಎಕ್ಸಿಬಿಸಿಯೊಂ’ ಸಾಕ್ಷ್ಯಚಿತ್ರದ ರೂಪದಲ್ಲಿದೆ. ಕ್ಲೋದೀನ್ ಬೆಕಾರಿ ಎಂಬ ವಯಸ್ಕರ ಚಿತ್ರಗಳ ನಟಿಯನ್ನು ಎದುರಿಗೆ ಕೂರಿಸಿಕೊಂಡು ಅವರ ಬಾಲ್ಯ, ಬದುಕು, ಕೆಲಸದ ಬಗ್ಗೆ ಕೇಳುತ್ತ ಹೋಗುವುದು, ನಡುವೆ ಆ ಕೆಲಸವನ್ನೇ ತೋರಿಸುವುದು. ಅದೇ ವರ್ಷ ನ್ಯೂಯಾರ್ಕ್ ಚಿತ್ರೋತ್ಸವದಲ್ಲೂ ಇದರ ಪ್ರದರ್ಶನವಾಯಿತು. ಇಂದು ಅದನ್ನು ನೋಡಿದರೆ ಮನಸ್ಸಿನಲ್ಲಿ ನಿಲ್ಲುವುದು ಬೆಕಾರಿಯವರ ಮಾತು. ಅರ್ಧ ಶತಮಾನ ಹಿಂದೆಯೇ ಈ ಉದ್ಯಮದ ಹೆಣ್ಣೊಬ್ಬಳು ತನ್ನ ಬದುಕಿನ ಬಗ್ಗೆ ತಾನೇ ಮಾತಾಡಿದ್ದಳು. ಆ ಮಾತಿಗೆ ಕಿವಿಗೊಡಲು ದೇಶ ಇನ್ನೂ ಬಹಳ ಕಾಲ ತೆಗೆದುಕೊಂಡಿತು ಎಂಬುದು ಈ ಕಥೆಯ ನೋವಿನ ಎಳೆ.

1975ರ ಆ ಬೇಸಿಗೆಯಲ್ಲಿ ಊರಿನ ಸಾಮಾನ್ಯ ಚಿತ್ರಮಂದಿರಗಳಲ್ಲೇ ಇಂಥ ಚಿತ್ರಗಳು ಸಾಲುಗಟ್ಟಿದವು. ಮಾತು ಕೊಟ್ಟ ಸರ್ಕಾರಕ್ಕೆ ನಿಷೇಧಿಸುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಹುಡುಕಿಕೊಂಡ ಉಪಾಯವೇ ಬಜೆಟ್ ಕಾಯ್ದೆ. ‘ಎಕ್ಸ್’ ಪಟ್ಟಿಗೆ ಬಿದ್ದ ಚಿತ್ರಕ್ಕೆ ಮೌಲ್ಯವರ್ಧಿತ ತೆರಿಗೆ ಶೇ 33. ಅದರ ಮೇಲೆ ಲಾಭದಲ್ಲಿ ಶೇ 20ರ ವಿಶೇಷ ಕರ. ಹೊರದೇಶದಿಂದ ತಂದ ಚಿತ್ರಕ್ಕೆ ಬೇರೆಯೇ ಇಡಿಗಂಟು ತೆರಿಗೆ. ಪ್ರದರ್ಶನ ಈ ಕೆಲಸಕ್ಕೆಂದೇ ಗೊತ್ತುಮಾಡಿದ ಚಿತ್ರಮಂದಿರಗಳಲ್ಲಿ ಮಾತ್ರ. 18 ದಾಟದವರಿಗೆ ಪ್ರವೇಶವಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಫ್ರಾನ್ಸಿನಲ್ಲಿ 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಸಿನಿಮಾ ಕೇಂದ್ರ ಒಂದು ವಿಶಿಷ್ಟ ವ್ಯವಸ್ಥೆಯನ್ನು ನಡೆಸುತ್ತದೆ. ಮಾರಾಟವಾದ ಪ್ರತಿ ಟಿಕೆಟ್‌ನಿಂದ ಒಂದು ಪಾಲು ಕೇಂದ್ರದ ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ನಿರ್ಮಾಪಕನ ಮುಂದಿನ ಚಿತ್ರಕ್ಕೆ ನೆರವು ಬರುತ್ತದೆ. ಫ್ರೆಂಚ್ ಸಿನಿಮಾ ಹಾಲಿವುಡ್ಡಿನ ಎದುರು ಇಂದಿಗೂ ತಲೆ ಎತ್ತಿ ನಿಂತಿರುವುದು ಹೆಚ್ಚಾಗಿ ಇದರ ಬಲದಿಂದ. ‘ಎಕ್ಸ್’ ಮುದ್ರೆ ಬಿದ್ದ ಚಿತ್ರಗಳನ್ನು ಈ ನೆರವಿನಿಂದ ಹೊರಗಿಟ್ಟರು. ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆ ವಿನಾಯಿತಿ ಕೊಟ್ಟು ಬೆಳೆಸಿದ್ದನ್ನು ಬಲ್ಲ ಓದುಗರಿಗೆ ಇದರ ಮರ್ಮ ಬೇಗ ಹಿಡಿಯುತ್ತದೆ: ಅದೇ ತೆರಿಗೆಯ ಅಸ್ತ್ರವನ್ನು ಇಲ್ಲಿ ತಿರುಗಿಸಿ ಹಿಡಿದಿದ್ದರು.

ಪರಿಣಾಮ ನೇರವಾಗಿತ್ತು. ನೆರವಿಲ್ಲ, ತೆರಿಗೆ ಹೆಚ್ಚು, ಚಿತ್ರಮಂದಿರ ಕಡಿಮೆ. ಹಾಗಾದರೆ ಖರ್ಚು ಇಳಿಸಬೇಕು. ವಾರಗಟ್ಟಲೆ ನಡೆಯಬೇಕಾದ ಚಿತ್ರೀಕರಣ ಕೆಲವೇ ದಿನಗಳಿಗೆ ಇಳಿಯಿತು. ಬಾಡಿಗೆಗೆ ಹಿಡಿದ ಹಳ್ಳಿಮನೆ, ಹಳೆಯ ಬಂಗಲೆಯಲ್ಲೇ ಇಡೀ ಕಥೆ ಮುಗಿಯುವಂತೆ ಚಿತ್ರಕಥೆ ಹೆಣೆದರು. ಸ್ಥಳದಲ್ಲಿ ಮಾತನ್ನು ಧ್ವನಿಮುದ್ರಿಸುವ ಗೋಜಿಗೆ ಹೋಗದೆ ಆಮೇಲೆ ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡುವುದು ರೂಢಿಯಾಯಿತು. ಆದರೆ ಒಂದು ವಿಷಯದಲ್ಲಿ ಅವು ಸಿನಿಮಾವಾಗಿಯೇ ಉಳಿದವು. ಚಿತ್ರಮಂದಿರದಲ್ಲಿ ಓಡಬೇಕಾದ್ದರಿಂದ 35 ಎಂಎಂ ಫಿಲ್ಮಿನಲ್ಲೇ ತೆಗೆಯಬೇಕಿತ್ತು. ಫಿಲ್ಮು ದುಬಾರಿ, ದೀಪಗಳ ವ್ಯವಸ್ಥೆ ಬೇಕು. ಹಾಗಾಗಿ ಕಸುಬು ಬಲ್ಲ ಛಾಯಾಗ್ರಾಹಕ, ಸಂಕಲನಕಾರ ಇಲ್ಲದೆ ಆಗುತ್ತಿರಲಿಲ್ಲ. ವಿದೇಶಿ ಚಿತ್ರಗಳ ಮೇಲಿನ ಇಡಿಗಂಟು ತೆರಿಗೆಯಿಂದ ಅಮೆರಿಕದ ಪೈಪೋಟಿಯೂ ತಗ್ಗಿತು. ಹತ್ತಿಕ್ಕಲು ತಂದ ಕಾಯ್ದೆಯೇ ದೇಶದೊಳಗಿನ ಒಂದು ಪುಟ್ಟ ಉದ್ಯಮಕ್ಕೆ ಬೇಲಿಯಾಯಿತು. ಫ್ರಾನ್ಸಿಸ್ ಮಿಶ್ಕಿಂಡ್ ಅವರ ಆಲ್ಫಾ ಫ್ರಾನ್ಸ್ ಸಂಸ್ಥೆ ನಿರ್ಮಾಣ–ವಿತರಣೆ ಎರಡನ್ನೂ ಹಿಡಿದು ಈ ಕಾಲದ ಮುಖ್ಯ ಹೆಸರಾಯಿತು.

ಈ ಚಿತ್ರಗಳ ಹಿಂದಿದ್ದವರಲ್ಲಿ ಹಲವರು ಮುಖ್ಯವಾಹಿನಿಯ ಸಿನಿಮಾದವರೇ. ಕ್ಲೋದ್ ಬೆರ್ನಾರ್–ಓಬೆರ್ 1973ರಲ್ಲಿ ‘ಲಫೇರ್ ದೊಮಿನಿಸಿ’ ಚಿತ್ರ ಮಾಡಿದ್ದವರು. ಅದರ ನಾಯಕ ಫ್ರೆಂಚ್ ಸಿನಿಮಾದ ಹಿರಿಯ ತಾರೆ ಜಾಂ ಗಾಬಾಂ. ಕೆಲವೇ ವರ್ಷಗಳಲ್ಲಿ ಅದೇ ನಿರ್ದೇಶಕರು ‘ಬರ್ಡ್ ಟ್ರಾನ್‌ಬರಿ’ ಎಂಬ ಗುಪ್ತನಾಮದಲ್ಲಿ ‘ಎಕ್ಸ್’ ಚಿತ್ರಗಳನ್ನು ಸಾಲುಸಾಲಾಗಿ ತೆಗೆದರು. ಜೆರಾರ್ ಕಿಕೊಯೀನ್ ಈ ಕಾಲದ ಚಿತ್ರಗಳಿಗೆ ಅಚ್ಚುಕಟ್ಟಾದ ಚೌಕಟ್ಟನ್ನೂ ಸಂಗೀತದ ಲಯವನ್ನೂ ತಂದವರು. ಮುಂದೆ 1989ರಲ್ಲಿ ಆಂಟನಿ ಪರ್ಕಿನ್ಸ್ ನಾಯಕರಾಗಿದ್ದ ಭಯಾನಕ ಚಿತ್ರವೊಂದನ್ನು ನಿರ್ದೇಶಿಸಿದರು.

ಇವರಲ್ಲಿ ಜಾಂ ರೊಲಾಂ ಅವರ ಕಥೆ ಬೇರೆ ಥರ. ರಕ್ತಪಿಪಾಸುಗಳು, ಪಾಳುಬಿದ್ದ ಕೋಟೆಗಳು, ನಿರ್ಜನ ಕಡಲತೀರಗಳು ತುಂಬಿದ ಕನಸಿನಂಥ ಚಿತ್ರಗಳು ಅವರ ನಿಜವಾದ ಆಸಕ್ತಿ. ಅವಕ್ಕೆ ಹಣ ಹುಟ್ಟುತ್ತಿರಲಿಲ್ಲ. ಹೊಟ್ಟೆಪಾಡಿಗೆ ‘ಮಿಶೆಲ್ ಜಾಂತಿ’ ಎಂಬ ಹೆಸರಲ್ಲಿ ‘ಎಕ್ಸ್’ ಚಿತ್ರಗಳನ್ನು ಮಾಡಿದರು. ಅಂಥ ಒಂದು ಚಿತ್ರದಲ್ಲಿ ನಟಿಸಿದ ಬ್ರಿಜಿತ್ ಲಾಯೆ ಅವರಲ್ಲಿ ರೊಲಾಂ ನಿಜವಾದ ನಟಿಯನ್ನು ಗುರುತಿಸಿದರು. 1979ರ ‘ಫಾಸಿನಾಸಿಯೊಂ’ ಚಿತ್ರದಲ್ಲಿ ಕಪ್ಪು ನಿಲುವಂಗಿ ತೊಟ್ಟು, ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು ಹಿಡಿದು, ಕೋಟೆಯ ಕಿರುಸೇತುವೆಯ ಮೇಲೆ ನಡೆದು ಬರುವ ಲಾಯೆ ಇಂದಿಗೂ ಯುರೋಪಿನ ಭಯಾನಕ ಚಿತ್ರಗಳ ಪುಸ್ತಕಗಳ ಪುಟಗಳಲ್ಲಿ ಕಾಣುತ್ತಾರೆ. 1980ರ ಹೊತ್ತಿಗೆ ವಯಸ್ಕರ ಚಿತ್ರಗಳಿಗೆ ವಿದಾಯ ಹೇಳಿದ ಅವರು ಮುಂದೆ ರೇಡಿಯೊದಲ್ಲಿ ದಾಂಪತ್ಯ, ಲೈಂಗಿಕ ಸಮಸ್ಯೆಗಳ ಬಗ್ಗೆ ಕೇಳುಗರೊಂದಿಗೆ ಮಾತಾಡುವ ಕಾರ್ಯಕ್ರಮ ನಡೆಸಿ ಮನೆಮಾತಾದರು. ಇಂಥ ಎರಡನೆಯ ಬದುಕು ಸಿಕ್ಕವರು ಬಹಳ ಕಡಿಮೆ. ನಿರ್ದೇಶಕರಿಗೆ ಮರೆಯಾಗಲು ಗುಪ್ತನಾಮವಿತ್ತು. ನಟಿಯರಿಗೆ ಹೆಸರು ಬದಲಿಸಿದರೂ ಮುಖ ಬದಲಿಸುವಂತಿರಲಿಲ್ಲ.

80ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಬಂತು. ‘ಎಕ್ಸ್’ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿದವು. ಪ್ಯಾರಿಸ್‌ನಲ್ಲಿ ಕೊನೆಯದಾಗಿ ಉಳಿದಿದ್ದು ದೊಡ್ಡ ಬುಲೆವಾರ್‌ಗಳ ಬಳಿಯ ಓಣಿಯಲ್ಲಿದ್ದ ‘ಬೆವರ್ಲಿ’. ನೂರು ಸೀಟೂ ಇಲ್ಲದ ಆ ಮಂದಿರ ಡಿಜಿಟಲ್ ಕಾಲದಲ್ಲೂ ಹಳೆಯ 35 ಎಂಎಂ ರೀಲುಗಳನ್ನೇ ಓಡಿಸುತ್ತಿತ್ತು. 2019ರ ಫೆಬ್ರುವರಿಯಲ್ಲಿ ಅದೂ ಮುಚ್ಚಿತು.

ಕ್ಯಾಸೆಟ್‌ನ ಕಾಲವನ್ನು ಮೊದಲು ಅರ್ಥ ಮಾಡಿಕೊಂಡವರು ಮಾರ್ಕ್ ದೋರ್ಸೆಲ್. ಹಂಗೇರಿ ಮೂಲದ ಕುಟುಂಬದವರು, ಅದಕ್ಕೂ ಮೊದಲು ಅಂಚೆಯ ಮೂಲಕ ಶೃಂಗಾರ ಪುಸ್ತಕ ಮಾರುತ್ತಿದ್ದವರು. 1979ರಲ್ಲಿ ಕಂಪನಿ ಕಟ್ಟಿ, ಚಿತ್ರಮಂದಿರದ ಹಂಗಿಲ್ಲದೆ ನೇರವಾಗಿ ವಿಡಿಯೊಗೆಂದೇ ಚಿತ್ರ ತೆಗೆಸತೊಡಗಿದರು. ವಿಡಿಯೊದಲ್ಲಿ ಯಾರು ಬೇಕಾದರೂ ಅಗ್ಗವಾಗಿ ಚಿತ್ರ ಮಾಡಬಹುದಾದಾಗ ತನ್ನ ಸರಕು ಬೇರೆಯಾಗಿ ಕಾಣಬೇಕು ಎಂಬುದು ಅವರ ಲೆಕ್ಕ. ಅರಮನೆಯಂಥ ಬಂಗಲೆ, ದುಬಾರಿ ಕಾರು, ರೇಷ್ಮೆಯ ಒಳಉಡುಪು, ಎತ್ತರದ ಹಿಮ್ಮಡಿ, ಸಂಜೆಯುಡುಪಿನ ಗಂಡಸರು. ಪ್ಯಾರಿಸ್‌ನ ಸುಗಂಧದ್ರವ್ಯದ ಜಾಹೀರಾತುಗಳ ಬೆಡಗನ್ನೇ ಇಲ್ಲಿಗೂ ತಂದರು. ಹೊರದೇಶಗಳಲ್ಲಿ ‘ಫ್ರೆಂಚ್ ಶೈಲಿ’ ಎಂದು ಹೆಸರಾದದ್ದು ಬಹುಪಾಲು ಈ ದೋರ್ಸೆಲ್ ಶೈಲಿ. ಕಂಪನಿ ಈಗ ಅವರ ಮಗ ಗ್ರೆಗೊರಿಯ ಕೈಯಲ್ಲಿದೆ.

ಅಷ್ಟು ಖರ್ಚಿಗೆ ಹಣ ಎಲ್ಲಿಂದ? ಉತ್ತರ ಟೆಲಿವಿಷನ್‌ನಲ್ಲಿದೆ. 1984ರ ನವೆಂಬರ್‌ನಲ್ಲಿ ಶುರುವಾದ ಕನಾಲ್ ಪ್ಲೂಸ್ ಚಂದಾ ಕೊಟ್ಟು ನೋಡುವ ಚಾನೆಲ್. ಹೊಸ ಸಿನಿಮಾ, ಫುಟ್‌ಬಾಲ್ ಅದರ ಮುಖ್ಯ ಆಕರ್ಷಣೆ. 1985ರ ಆಗಸ್ಟ್ ಕೊನೆಯಲ್ಲಿ ಅದು ‘ಎಕ್ಸಿಬಿಸಿಯೊಂ’ ಪ್ರಸಾರ ಮಾಡಿತು. ಆಮೇಲೆ ತಿಂಗಳ ಮೊದಲ ಶನಿವಾರ ನಡುರಾತ್ರಿ ಒಂದು ‘ಎಕ್ಸ್’ ಚಿತ್ರ ಎಂಬುದು ಪದ್ಧತಿಯಾಯಿತು. ಡಿಕೋಡರ್ ಪೆಟ್ಟಿಗೆ ಇಲ್ಲದ ಮನೆಗಳಲ್ಲಿ ಪರದೆ ಪೂರ್ತಿ ಅಡ್ಡಗೆರೆಗಳ ಗಲಿಬಿಲಿ. ಅಡುಗೆಮನೆಯ ತೂತಿನ ಜಾಲರಿಯನ್ನು ಕಣ್ಣಿಗೆ ಹಿಡಿದು ಬೇಗ ಬೇಗ ಅಲ್ಲಾಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ ಎಂಬ ನಂಬಿಕೆ ಫ್ರಾನ್ಸಿನ ಹುಡುಗರಲ್ಲಿ ಹಬ್ಬಿತ್ತು; ಆ ತಲೆಮಾರಿನವರು ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಉದ್ಯಮಕ್ಕೆ ಮಾತ್ರ ಆ ಶನಿವಾರ ಅನ್ನದ ಪ್ರಶ್ನೆ. ಚಾನೆಲ್ ಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ನಿರ್ಮಾಪಕರು ಕಥೆ, ಬಟ್ಟೆಬರೆ, ಸೆಟ್‌ಗೆ ಖರ್ಚು ಮಾಡಬಲ್ಲವರಾದರು. ಕೊಳ್ಳುವವನಿಗೆ ಷರತ್ತು ಹಾಕುವ ಹಕ್ಕೂ ಇತ್ತು. ಕಾಂಡೋಮ್ ಬಳಕೆ ಅಂಥ ಷರತ್ತುಗಳಲ್ಲಿ ಒಂದಾಯಿತು. ಏಡ್ಸ್ ಭಯದ ಆ ವರ್ಷಗಳಲ್ಲಿ ಅದು ಜೀವದ ಪ್ರಶ್ನೆ. ಸರ್ಕಾರದ ಕಾಯ್ದೆ ನಟ–ನಟಿಯರ ಬಗ್ಗೆ ಒಂದು ಸಾಲೂ ಬರೆಯದಿದ್ದ ಕಡೆ, ಒಂದು ಖಾಸಗಿ ಚಾನೆಲ್ಲಿನ ಖರೀದಿ ಕರಾರು ಅವರಿಗೆ ಅಷ್ಟಾದರೂ ರಕ್ಷಣೆ ಕೊಟ್ಟಿತು.

2000ದಲ್ಲಿ ಹಳೆಯ ‘ಎಕ್ಸ್’ ಮುದ್ರೆ ಮತ್ತೊಮ್ಮೆ ಸುದ್ದಿಯಾಯಿತು. ಲೇಖಕಿ ವಿರ್ಜಿನಿ ದೆಪಾಂತ್, ಮಾಜಿ ವಯಸ್ಕರ ನಟಿ ಕೊರಾಲಿ ತ್ರಿನ್ ತಿ ಸೇರಿ ‘ಬೇಜ್–ಮ್ವಾ’ ಎಂಬ ಚಿತ್ರ ಮಾಡಿದರು. ಅತ್ಯಾಚಾರಕ್ಕೊಳಗಾದ ಹೆಣ್ಣಿನ, ಅವಳ ಜೊತೆಗಾತಿಯ ರೋಷದ, ರಕ್ತಪಾತದ ಕಥೆ. ಮುಖ್ಯ ಪಾತ್ರಗಳಲ್ಲಿದ್ದವರೂ ವಯಸ್ಕರ ಚಿತ್ರಗಳಿಂದ ಬಂದ ನಟಿಯರೇ. ಸಂಪ್ರದಾಯವಾದಿ ಸಂಘಟನೆಯೊಂದು ದೂರು ಕೊಟ್ಟಿತು. ಜೂನ್ 30ರಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಪ್ರದರ್ಶನದ ಪರವಾನಗಿ ರದ್ದು ಮಾಡಿತು. ‘ಎಕ್ಸ್’ ಎಂದರೆ ಚಿತ್ರಮಂದಿರವೇ ಸಿಗದ ಕಾಲ ಅದು. ಕಡೆಗೆ 2001ರಲ್ಲಿ ಸರ್ಕಾರ ನಿಯಮ ತಿದ್ದಿ, ‘ಎಕ್ಸ್’ ಪಟ್ಟಿಗೆ ಸೇರಿಸದೆಯೇ 18 ದಾಟದವರಿಗೆ ನಿರ್ಬಂಧ ಹಾಕುವ ದರ್ಜೆಯನ್ನು ಮರಳಿ ತಂದಿತು.

ಆ ಇಬ್ಬರು ನಟಿಯರಲ್ಲಿ ಒಬ್ಬರು ರಫಾಯೆಲಾ ಆಂಡರ್ಸನ್. 2001ರಲ್ಲಿ ಅವರು ‘ಹಾರ್ಡ್’ ಎಂಬ ಆತ್ಮಕಥನ ಪ್ರಕಟಿಸಿ ಈ ಉದ್ಯಮದೊಳಗಿನ ಕ್ರೌರ್ಯವನ್ನು ಬಿಚ್ಚಿಟ್ಟರು. ಪುಸ್ತಕ ಚರ್ಚೆಯಾಯಿತು; ಕಾನೂನು ಅಲುಗಾಡಲಿಲ್ಲ.

ಅದೇ ಹೊತ್ತಿಗೆ ಹಣದ ದಾರಿ ಮತ್ತೆ ತಿರುಗುತ್ತಿತ್ತು. 90ರ ದಶಕದಿಂದಲೇ ಕಡಿಮೆ ಸಂಬಳಕ್ಕೆ ಕಲಾವಿದರು ಸಿಗುವ ಬುಡಾಪೆಸ್ಟ್‌ಗೆ ಫ್ರೆಂಚ್ ತಂಡಗಳು ಹೋಗತೊಡಗಿದ್ದವು. 2000ದ ದಶಕದ ನಡುವಿನಿಂದ ಪುಕ್ಕಟೆ ವಿಡಿಯೊ ತಾಣಗಳು ಬಂದವು. ಕ್ಯಾಸೆಟ್, ಡಿವಿಡಿ ಮಾರುಕಟ್ಟೆ ಕುಸಿಯಿತು. ನಟಿಯಾಗಿ ಶುರುಮಾಡಿ ನಿರ್ದೇಶಕಿಯಾದ ಓವಿದಿ ತಮ್ಮ 2017ರ ‘ಪೊರ್ನೊಕ್ರಾಸಿ’ ಸಾಕ್ಷ್ಯಚಿತ್ರದಲ್ಲಿ ಇದರ ಪರಿಣಾಮವನ್ನು ಹಿಂಬಾಲಿಸಿದರು: ಕೆಲವೇ ಬಹುರಾಷ್ಟ್ರೀಯ ಕಂಪನಿಗಳ ಕೈಗೆ ಎಲ್ಲ ತಾಣಗಳು, ಕದ್ದ ವಿಡಿಯೊಗಳಿಂದ ಜಾಹೀರಾತಿನ ಲಾಭ, ನಟಿಯರಿಗೆ ಇಳಿದ ಸಂಬಳ, ಏರಿದ ಒತ್ತಡ. ಫ್ರಾನ್ಸಿನೊಳಗೆ ‘ಹವ್ಯಾಸಿ’ ಎಂಬ ಹೆಸರಿನ ತಾಣಗಳು ಬೆಳೆದವು. ಸೆಟ್ ಇಲ್ಲ, ಕಥೆ ಇಲ್ಲ, ಒಂದು ಕೋಣೆ, ಒಂದು ಕ್ಯಾಮೆರಾ. ಪಕ್ಕದ ಮನೆಯವರಂತೆ ಕಾಣಬೇಕು ಎಂಬುದೇ ಇಲ್ಲಿನ ಶೈಲಿ. ಛಾಯಾಗ್ರಾಹಕ, ಮೇಕಪ್‌ನವರು, ನಿರ್ವಾಹಕರು ಇದ್ದ ಜಾಗದಲ್ಲಿ ಈಗ ಯಾರೂ ಇಲ್ಲ. ಏನಾದರೂ ತಪ್ಪಾದರೆ ನೋಡಿ ಹೇಳುವವರೂ ಇಲ್ಲ.

ಎಷ್ಟು ತಪ್ಪಾಗಿತ್ತು ಎಂಬುದು 2020ರಿಂದ ಹೊರಬರತೊಡಗಿತು. ಪ್ಯಾರಿಸ್‌ನಲ್ಲಿ ಆ ವರ್ಷ ಶುರುವಾದ ನ್ಯಾಯಾಂಗ ತನಿಖೆಯಲ್ಲಿ ಹತ್ತಾರು ಮಹಿಳೆಯರು ಮುಂದೆ ಬಂದು, ಮೋಸದಿಂದ ಕರೆತಂದದ್ದನ್ನೂ ಒಪ್ಪಿಗೆಯಿಲ್ಲದೆ ನಡೆದ ಬಲಾತ್ಕಾರವನ್ನೂ ಹೇಳಿದರು. 2022ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಸೆನೆಟ್‌ನ ಮಹಿಳಾ ಹಕ್ಕುಗಳ ನಿಯೋಗ ಈ ಉದ್ಯಮದ ಬಗ್ಗೆ ದೊಡ್ಡ ವರದಿಯೊಂದನ್ನು ಪ್ರಕಟಿಸಿತು. ಅದನ್ನು ಸಿದ್ಧಪಡಿಸಿದವರು ಬೇರೆ ಬೇರೆ ಪಕ್ಷಗಳ ನಾಲ್ವರು ಸೆನೆಟರುಗಳು, ನಾಲ್ವರೂ ಮಹಿಳೆಯರು.

ವರದಿಯ ಹೊತ್ತಿನಲ್ಲಿ ಬೆಳಕಿಗೆ ಬಂದ ಸಂಗತಿಗಳಲ್ಲಿ ಕರಾರು ಪತ್ರಗಳ ವಿಷಯ ಓದುವಾಗ ಹೊಟ್ಟೆ ಕಿವುಚುತ್ತದೆ. ಫ್ರಾನ್ಸಿನ ಕಾರ್ಮಿಕ ಕಾನೂನಿನ ಪ್ರಕಾರ ನಟನೆಗೆ ಕರೆತಂದ ಕಲಾವಿದರನ್ನು ಸಂಬಳದ ನೌಕರರೆಂದೇ ಭಾವಿಸಬೇಕು. ಇಲ್ಲಿ ಎಷ್ಟೋ ಕಡೆ ಅವರ ಕೈಯಲ್ಲಿ ಸಹಿ ಹಾಕಿಸಿಕೊಂಡದ್ದು ‘ಚಿತ್ರದ ಹಕ್ಕು ಬಿಟ್ಟುಕೊಟ್ಟಿದ್ದೇನೆ’ ಎಂಬ ಒಂದು ಹಾಳೆಗೆ. ಚಿತ್ರೀಕರಣ ಮುಗಿದ ಮೇಲೆ, ದಣಿದ ಹೊತ್ತಿನಲ್ಲಿ. ವರ್ಷಗಳ ನಂತರ ಮದುವೆ, ಮಕ್ಕಳು, ಬೇರೆ ಕೆಲಸ ಎಂದು ಬದುಕು ಕಟ್ಟಿಕೊಂಡವರು ಆ ವಿಡಿಯೊ ತೆಗೆಯಿರಿ ಎಂದು ಬೇಡಿದರೆ, ತಮಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಸಾವಿರಾರು ಯೂರೊ ಕೇಳಿದ ಉದಾಹರಣೆಗಳಿವೆ. ಇದನ್ನು ವ್ಯಾಪಾರ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಒತ್ತಡ ಹೆಚ್ಚಿದಂತೆ ಉದ್ಯಮವೂ ಅಲುಗಿತು. ದೋರ್ಸೆಲ್ ಕಂಪನಿ 2021ರಲ್ಲಿ ನೀತಿಸಂಹಿತೆಯೊಂದನ್ನು ಹೊರತಂದಿತು; ನಟಿ ಲೀಸಾ ದೆಲ್ ಸಿಯೆರಾ ಅದನ್ನು ರೂಪಿಸುವುದರಲ್ಲಿ ಕೈಜೋಡಿಸಿದರು. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂಬುದನ್ನು ಮುಂಚೆಯೇ ಬರಹದಲ್ಲಿ ಗೊತ್ತುಮಾಡಬೇಕು, ಯಾವ ಕ್ಷಣದಲ್ಲೂ ಬೇಡ ಎನ್ನುವ ಹಕ್ಕು ಇರಬೇಕು, ಸೆಟ್‌ನಲ್ಲಿ ಕಲಾವಿದರ ಪರ ನಿಲ್ಲುವ ಒಬ್ಬರು ಇರಬೇಕು ಎಂಬುದು ಅದರ ತಿರುಳು. ಒಳ್ಳೆಯ ಹೆಜ್ಜೆಯೇ. ಆದರೆ ಅದು ಕಂಪನಿ ತಾನಾಗಿ ಬರೆದುಕೊಂಡ ನಿಯಮ, ಕಾನೂನಿನ ಬಲವಿಲ್ಲ. ಒಂದು ಕೋಣೆ, ಒಂದು ಕ್ಯಾಮೆರಾದವರಿಗೆ ಅದು ತಟ್ಟುವುದೇ ಇಲ್ಲ.

ಸರ್ಕಾರದ ಗಮನ ಸದ್ಯಕ್ಕೆ ಹೆಚ್ಚಾಗಿ ನೋಡುವವರ ವಯಸ್ಸಿನ ಮೇಲಿದೆ. ಮಕ್ಕಳ ಕೈಗೆ ಇವು ಸಿಗಬಾರದೆಂದು 2020ರಲ್ಲಿ, ಮತ್ತೆ 2024ರ ಮೇ ತಿಂಗಳಲ್ಲಿ ಕಾಯ್ದೆಗಳಾದವು. ವೀಕ್ಷಕರ ವಯಸ್ಸನ್ನು ತಾಣಗಳು ಪರಿಶೀಲಿಸಲೇಬೇಕು, ಅದರ ಉಸ್ತುವಾರಿ ಪ್ರಸಾರ ನಿಯಂತ್ರಣ ಸಂಸ್ಥೆ ಆರ್ಕಾಮ್‌ನದು. ಇದನ್ನು ವಿರೋಧಿಸಿ ಪೋರ್ನ್‌ಹಬ್ ನಡೆಸುವ ಕಂಪನಿ 2025ರ ಜೂನ್ 4ರಿಂದ ಫ್ರಾನ್ಸಿನಲ್ಲಿ ತನ್ನ ಮೂರು ತಾಣಗಳನ್ನು ತಾನೇ ಮುಚ್ಚಿತು. ಈ ಜಟಾಪಟಿಗೆ ಪತ್ರಿಕೆಗಳ ಮುಖಪುಟ ಸಿಕ್ಕಿದೆ, ಸಚಿವರ ಹೇಳಿಕೆ ಸಿಕ್ಕಿದೆ, ನ್ಯಾಯಾಲಯದ ಸಮಯವೂ ಸಿಕ್ಕಿದೆ. ಕರಾರು ಪತ್ರ, ಸಂಬಳದ ಚೀಟಿ, ವಿಡಿಯೊ ತೆಗೆಸುವ ಹಕ್ಕು ಇವುಗಳ ಬಗ್ಗೆ ಕಲಾವಿದೆಯರು ಇಡುತ್ತ ಬಂದ ಬೇಡಿಕೆಗಳಿಗೆ ಅಷ್ಟು ವೇಗ ಇನ್ನೂ ಸಿಕ್ಕಿಲ್ಲ.